ಮಲಗುವ ಮೇಡಂ ಮತ್ತು ಗೋಡೆಯಾಚೆಯ ಮಗ್ಗ

ಮೊದಲ ಸಲ ಬಂದ ದಿನ ಆಕೆ ಚಪ್ಪಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೊಸ್ತಿಲು ದಾಟಿದರು. ಹೊರಗೆ ಬಿಟ್ಟರೆ ದಾರಿಗೆ ಅಡ್ಡ, ಒಳಗೆ ಇಟ್ಟರೆ ಚಾಪೆಗೆ ಮಣ್ಣು, ಏನು ಮಾಡುವುದೆಂದು ತೋಚದೆ ನಿಂತವರನ್ನು ಕಂಡು, ಮಗ್ಗದ ಮುಂದೆ ಕೂತಿದ್ದ ಚಾಪೆಯತ್ತೆಗೆ ನಗು ಬಂತು. ಬಿಸಿಲಿನಿಂದ ಒಳಗೆ ಬಂದವರಿಗೆ ಆ ಮನೆಯಲ್ಲಿ ಸ್ವಲ್ಪ ಹೊತ್ತು ಏನೂ ಕಾಣಿಸುವುದಿಲ್ಲ. ನೆನೆಹಾಕಿದ ಜೊಂಡಿನ ಹಸಿ ವಾಸನೆ ಮೊದಲು ಎದುರುಗೊಳ್ಳುತ್ತದೆ, ಮನುಷ್ಯರು ಆಮೇಲೆ. ಐವತ್ತರ ಆಸುಪಾಸಿನ ಹೆಂಗಸು, ತೋಳು ಮಡಚಿದ ಬಿಳಿ ಅಂಗಿ, ಕಣ್ಣಿನ ಕೆಳಗೆ ಯಾರೋ ಬೆರಳಿನಿಂದ ಒತ್ತಿದಂಥ ಕಪ್ಪು.

ಚಾಪೆ ಬೇಕಾ ಎಂದು ಅತ್ತೆ ಕೇಳಿದಳು. ಬೇಕು, ಆದರೆ ಕೊಳ್ಳುವುದಕ್ಕಲ್ಲ, ಇಲ್ಲೇ ಸ್ವಲ್ಪ ಹೊತ್ತು ಮಲಗಬಹುದಾ ಎಂದು ಆಕೆ ಕೇಳಿದರು.

ಹಿತ್ತಲಲ್ಲಿ ಜೊಂಡಿಗೆ ಬಣ್ಣ ಕಾಯಿಸುತ್ತಿದ್ದ ಸೊಸೆ ಇಣುಕಿ ನೋಡಿದಳು. ಬಂದವರಿಗೆ ತಲೆ ಸುತ್ತುತ್ತಿರಬೇಕೆಂದು ನೀರು ತಂದುಕೊಟ್ಟಳು. ಆಕೆ ನೀರು ಕುಡಿದು, ತನಗೇನೂ ಆಗಿಲ್ಲ ಎಂದು ನಿಧಾನವಾಗಿ ವಿವರಿಸಿದರು. ನದಿಯ ದಂಡೆಯಲ್ಲಿರುವ ಹಳೆಯ ಬಟ್ಟೆ ಗೋದಾಮನ್ನು ದೊಡ್ಡ ಹೋಟೆಲು ಮಾಡುತ್ತಿದ್ದಾರೆ. ಅದರ ಕೋಣೆಗಳು ಒಳಗೆ ಹೇಗಿರಬೇಕೆಂದು ತೀರ್ಮಾನಿಸುವ ಕೆಲಸ ತನ್ನದು. ಈ ಊರಿನ ಕೈಕೆಲಸವೇ ಆ ಕೋಣೆಗಳಲ್ಲಿ ಕಾಣಬೇಕೆಂದು ಯಜಮಾನರ ಆಸೆ. ಅದಕ್ಕಾಗಿ ತಾನು ಊರೆಲ್ಲ ಸುತ್ತಿ, ಒಪ್ಪಿದವರ ಮನೆಯಲ್ಲೆಲ್ಲ ಮಲಗಿ ನೋಡುತ್ತಿದ್ದೇನೆ. ಪುಸ್ತಕಕ್ಕೆ ರಟ್ಟು ಕಟ್ಟುವವನ ಮಹಡಿಯಲ್ಲಿ ಮಲಗಿದ್ದಾಯಿತು, ದೋಣಿಯವನ ಗುಡಿಸಲಲ್ಲಿ ಮಲಗಿದ್ದಾಯಿತು.

"ನಿಂತು ನೋಡಿದ್ರೆ ಕೋಣೆ ಬರೀ ಗೋಡೆ ತೋರಿಸುತ್ತೆ," ಎಂದರು. "ಮಲಗಿದ್ರೆ ಮಾತಾಡುತ್ತೆ."

ಅತ್ತೆ ಹುಟ್ಟಿದಾಗಿನಿಂದ ಚಾಪೆಯ ನಡುವೆಯೇ ಬದುಕಿದವಳು. ಚಾಪೆಯನ್ನು ಬೆರಳಿನಿಂದ ಕೆರೆದು ನೋಡಿದವರಿದ್ದರು, ಮೂಸಿ ನೋಡಿದವರಿದ್ದರು, ಮಡಚಿ ಮುರಿದವರೂ ಇದ್ದರು. ಮಲಗಿ ನೋಡುತ್ತೇನೆ ಎಂದವರು ಯಾರೂ ಇರಲಿಲ್ಲ. ಎಷ್ಟು ಸರಿಯಾದ ಮಾತು ಅನ್ನಿಸಿ, ಗೋಡೆಗೊರಗಿಸಿದ್ದ ಸುರುಳಿಗಳಲ್ಲಿ ಮೆತ್ತನೆಯದೊಂದನ್ನು ಹುಡುಕಿ ಬಿಚ್ಚಿ ಹಾಸಿದಳು. ಆಕೆ ಮಲಗಿ ಸೂರು ನೋಡತೊಡಗಿದರು. ಅತ್ತೆ ತನ್ನ ಕೆಲಸಕ್ಕೆ ತಿರುಗಿದಳು.

ಚಾಪೆಯ ಮಗ್ಗ ನೆಲಕ್ಕಂಟಿಕೊಂಡೇ ಇರುತ್ತದೆ. ಉದ್ದಕ್ಕೆ ಹೋಗುವ ಹಾಸಿನ ನೂಲನ್ನು ಮೊಣಕಾಲೆತ್ತರದಲ್ಲಿ ಬಿಗಿದಿರುತ್ತಾರೆ. ಆ ನೂಲುಗಳೆಲ್ಲ ಹಣಿಗೆ ಎಂಬ ತೂತುತೂತಿನ ಉದ್ದನೆಯ ಮರದ ಪಟ್ಟಿಯೊಳಗಿಂದ ಹಾದುಹೋಗುತ್ತವೆ. ಒಂದು ಜೊಂಡನ್ನು ಕೋಲಿನ ತುದಿಗೆ ಸಿಕ್ಕಿಸಿ ನೂಲಿನ ನಡುವೆ ನೂಕಬೇಕು, ಹಣಿಗೆಯನ್ನು ಎಳೆದು ಬಡಿಯಬೇಕು. ಮತ್ತೆ ನೂಕಬೇಕು, ಮತ್ತೆ ಬಡಿಯಬೇಕು. ಆ ಪೆಟ್ಟಿನ ಸದ್ದು ದೊಡ್ಡದಲ್ಲ. ಪಕ್ಕದ ಮನೆಯಲ್ಲಿ ಯಾರೋ ಬಾಗಿಲು ಮೆಲ್ಲಗೆ ಹಾಕಿಕೊಂಡಂತೆ ಕೇಳುತ್ತದೆ. ಸ್ವಲ್ಪ ಹೊತ್ತಿನ ಮೇಲೆ ಅತ್ತೆ ತಿರುಗಿ ನೋಡಿದರೆ ಬಂದವರು ಬಾಯಿ ತೆರೆದು ಗಾಢವಾಗಿ ಮಲಗಿದ್ದರು. ಚಪ್ಪಲಿ ಎದೆಯ ಮೇಲಿತ್ತು.

ಅವರು ಎದ್ದಾಗ ಗೋಡೆಯ ಮೇಲಿನ ಬಿಸಿಲು ಪೂರಾ ಇಳಿದುಹೋಗಿತ್ತು. ಎದ್ದು ಕೂತು ತಮ್ಮ ಅಂಗೈಗಳನ್ನು ತಾವೇ ನೋಡಿಕೊಂಡರು.

"ಎಷ್ಟು ಹೊತ್ತು ಮಲಗಿದ್ದೆ?"

"ಅರ್ಧ ಚಾಪೆ," ಎಂದಳು ಅತ್ತೆ.

ಅಂದೇ ಸೊಸೆ ಅವರಿಗೆ ಮಲಗುವ ಮೇಡಂ ಎಂದು ಹೆಸರಿಟ್ಟಳು. ಸೊಸೆಯ ಬಾಯಿಂದ ಹೊರಟ ಹೆಸರು ಬೀದಿಯಲ್ಲಿ ಓಡಾಡಿ, ಕೊನೆಗೆ ಮೇಡಂ ಕಿವಿಗೂ ಬಿತ್ತು. ಅವರು ಬೇಸರ ಮಾಡಿಕೊಳ್ಳಲಿಲ್ಲ. ಬೀದಿಯ ತುದಿಯಿಂದಲೇ ಮಲಗುವವಳು ಬಂದೆ ಎಂದು ಕೂಗಿಕೊಂಡು ಬರುತ್ತಿದ್ದರು.

ಅವರ ಕಥೆ ಒಂದೇ ದಿನ ಬಿಚ್ಚಿಕೊಂಡದ್ದಲ್ಲ. ಅತ್ತೆಯ ಕೈಯಲ್ಲಿ ಚಾಪೆ ಉದ್ದವಾದಂತೆ ಅದೂ ಉದ್ದವಾಯಿತು. ಮೇಡಂ ಅಂಗಾತ ಮಲಗಿ ಸೂರಿಗೆ ಹೇಳಿಕೊಂಡಂತೆ ಹೇಳುತ್ತಿದ್ದರು, ಅತ್ತೆ ಹೂಂಗುಟ್ಟುತ್ತಿದ್ದಳು. ಅವರಪ್ಪ ಬಸ್ಸಿನ ಸೀಟುಗಳಿಗೆ ಮೆತ್ತೆ ಕೂರಿಸಿ ಬಟ್ಟೆ ಬಿಗಿಯುತ್ತಿದ್ದರಂತೆ. ಅಂಗಡಿಯೇ ಮನೆ, ನಡುವೆ ಒಂದು ಹಲಗೆಯ ಗೋಡೆ. ಆ ಕಡೆ ಅಪ್ಪ ಸಣ್ಣ ಸುತ್ತಿಗೆಯಿಂದ ಮೊಳೆ ಬಡಿಯುತ್ತಿದ್ದರು. ಈ ಕಡೆ ತಾಯಿ ಮಕ್ಕಳು ಬಿಚ್ಚಿ ಬಿಸಾಡಿದ ಹಳೆಯ ಮೆತ್ತೆಗಳನ್ನು ಜೋಡಿಸಿಕೊಂಡು ಮಲಗುತ್ತಿದ್ದರು. ಒಂದೊಂದು ಮೆತ್ತೆ ಒಂದೊಂದು ಬಸ್ಸಿನದು. ತಲೆ ಒಂದು ಊರಿನ ಬಸ್ಸಿನಲ್ಲಿ, ಕಾಲು ಇನ್ನೊಂದು ಊರಿನ ಬಸ್ಸಿನಲ್ಲಿ ಇಟ್ಟು ಬೆಳೆದವಳು ನಾನು, ಅದಕ್ಕೇ ಒಂದು ಕಡೆ ನಿಲ್ಲಲಿಲ್ಲ ಎಂದು ಮೇಡಂ ನಗುತ್ತಿದ್ದರು. ಕಣ್ಣು ಮುಚ್ಚಿದರೆ ಎಲ್ಲ ಬಸ್ಸುಗಳೂ ಒಟ್ಟಿಗೆ ಹೊರಡುತ್ತಿದ್ದವಂತೆ, ಕಿಟಕಿಯಾಚೆ ಕೆರೆಗಳೂ ದೀಪದ ಕಂಬಗಳೂ ಸದ್ದಿಲ್ಲದೆ ಹಿಂದಕ್ಕೆ ಸರಿಯುತ್ತಿದ್ದವಂತೆ.

ದೊಡ್ಡವರಾದ ಮೇಲೆ ಚಿತ್ರ ಬರೆಯುವುದರಲ್ಲಿ ಎತ್ತಿದ ಕೈ ಎನ್ನಿಸಿಕೊಂಡು, ಕೋಣೆ ಕಟ್ಟುವ ವಿದ್ಯೆ ಕಲಿತು, ಬೇರೆಯವರ ಕೈಕೆಳಗೆ ಪರದೆಯ ಬಟ್ಟೆ, ದೀಪದ ಮುಸುಕು, ಬಾಗಿಲ ಹಿಡಿ ಆರಿಸುತ್ತ ವರ್ಷಗಳನ್ನು ಕಳೆದು, ಕೊನೆಗೆ ಹೋಟೆಲಿನ ಕೋಣೆಗಳಿಗೆ ಮೇಡಂ ಹೆಸರುವಾಸಿಯಾದರು. ಮದುವೆ ಆಗಿಲ್ಲವಾ ಎಂದು ಸೊಸೆ ಮುಲಾಜಿಲ್ಲದೆ ಕೇಳಿದ್ದಳು. ಆಗಿತ್ತು, ಅವರಿಗೆ ಒಂದೇ ಮನೆಯಲ್ಲಿರುವ ಹೆಂಡತಿ ಬೇಕಿತ್ತು, ನನಗೆ ದಿನಕ್ಕೊಂದು ಕೋಣೆ ಬೇಕಿತ್ತು, ಜಗಳವಿಲ್ಲದೆ ಬಿಟ್ಟುಕೊಂಡೆವು ಎಂದು ಉತ್ತರ ಬಂತು. ಸೊಸೆ ಎದ್ದು ಬಣ್ಣದ ಒಲೆಯ ಕಡೆ ಹೋದಳು.

ಮೇಡಂ ಕೆಲಸಕ್ಕೆ ಒಂದು ನೇಮವಿತ್ತು. ತಾವು ರೂಪಿಸಿದ ಕೋಣೆಯಲ್ಲಿ ತಾವೇ ಒಂದು ಮಧ್ಯಾಹ್ನದ ನಿದ್ದೆ ತೆಗೆಯದೆ ಅದನ್ನು ಒಪ್ಪಿಸುತ್ತಿರಲಿಲ್ಲ. ಮೊದಲು ಒಂದು ಮಾದರಿ ಕೋಣೆ ಮಾಡುವುದು, ಅದರಲ್ಲಿ ಮಲಗುವುದು, ನಿದ್ದೆ ಬಂದರೆ ಉಳಿದ ಕೋಣೆಗಳನ್ನೆಲ್ಲ ಹಾಗೆಯೇ ಮಾಡಿಸುವುದು. ಆ ನೇಮವನ್ನು ಕೇಳಿಯೇ ಹುಡುಕಿಕೊಂಡು ಬಂದವರಲ್ಲಿ ಈ ಯಜಮಾನರೂ ಒಬ್ಬರು. ಅವರಿಗೆ ಗೊತ್ತಿಲ್ಲದ ಸಂಗತಿ ಏನೆಂದರೆ, ಮೇಡಂಗೆ ಎಷ್ಟೋ ವರ್ಷದಿಂದ ಕಣ್ಣಿಗೆ ಕಣ್ಣು ಹತ್ತುತ್ತಿರಲಿಲ್ಲ. ನಿದ್ದೆ ಯಾವಾಗ ಬಿಟ್ಟುಹೋಯಿತೆಂದು ಅವರಿಗೇ ತಿಳಿದಿರಲಿಲ್ಲ. ಹಿಂದಿನ ಕೆಲವು ಹೋಟೆಲುಗಳಲ್ಲಿ ಕಣ್ಣು ಮುಚ್ಚಿ ಬಿದ್ದುಕೊಂಡು, ಹೊತ್ತು ಕಳೆದ ಮೇಲೆ ಕಣ್ಣುಜ್ಜಿಕೊಂಡು ಹೊರಗೆ ಬಂದು, ಚೆನ್ನಾಗಿ ನಿದ್ದೆ ಬಂತು ಎಂದಿದ್ದರು.

"ಈ ಸಲ ಹಾಗೆ ಹೇಳೋಕಾಗಲ್ಲ ಅತ್ತೆ," ಎಂದರು ಒಂದು ದಿನ. "ನಿಮ್ಮನೇಲಿ ನಿಜವಾದ ನಿದ್ದೆ ಬಂದ್ಬಿಡ್ತಲ್ಲ. ಇನ್ನು ಸುಳ್ಳಿಗೆ ನಾಲಿಗೆ ತಿರುಗಲ್ಲ."

ಹಾಗಾಗಿ ಆ ಮನೆಯಲ್ಲಿರುವ ಯಾವುದು ನಿದ್ದೆ ತರಿಸಿತೆಂದು ಅವರು ಒಂದೊಂದನ್ನೇ ಹಿಡಿದು ನೋಡಿದರು. ಮಾದರಿ ಕೋಣೆಯ ಸೂರಿಗೆಲ್ಲ ಜೊಂಡಿನ ಚಾಪೆ ಹೊದಿಸಿದರು, ಹೋಟೆಲಿಗೆ ಬಂದವರು ಹೆಚ್ಚು ಹೊತ್ತು ನೋಡುವುದು ಸೂರನ್ನೇ ಅಲ್ಲವಾ ಎಂದು. ಗೋಡೆಗೆ ಸುಣ್ಣ ಬಳಿಸಿ, ಕೈಯ ಹಿಂಬದಿಯಿಂದ ಸವರಿ, ಒರಟು ಹೆಚ್ಚಾಯಿತೆಂದು ಕೆರೆಸಿ, ಮತ್ತೆ ಬಳಿಸಿದರು. ಬೆಳಕು ನೆಲಕ್ಕೆ ಬೀಳಲೆಂದು ಕಿಟಕಿಯನ್ನು ಮೊಣಕಾಲಿನವರೆಗೆ ಇಳಿಸಿದರು. ಮಂಚದ ಕಾಲು ಕತ್ತರಿಸಿ ಕುಳ್ಳಗೆ ಮಾಡಿದರು. ಒಂದು ದಿನ ಜೊಂಡು ನೆನೆಸಿದ ನೀರನ್ನೇ ಬಕೆಟ್ಟಿನಲ್ಲಿ ಒಯ್ದರು, ವಾಸನೆ ಬೇಕಂತೆ.

"ನಾಳೆ ನಿಮ್ಮನ್ನೇ ಸುರುಳಿ ಸುತ್ತಿಕೊಂಡು ಹೋಗ್ತಾರೆ ನೋಡಿ ಅತ್ತೆ," ಎಂದಳು ಸೊಸೆ.

ಏನೇ ಒಯ್ದರೂ ಮಾದರಿ ಕೋಣೆಯಲ್ಲಿ ನಿದ್ದೆ ಬರಲಿಲ್ಲ. ಅತ್ತೆಯ ಮನೆಯಲ್ಲಿ ಬರುತ್ತಿತ್ತು. ಹೀಗೇ ಒಂದು ಮಧ್ಯಾಹ್ನ ಮೇಡಂ ಮಲಗಿದ್ದಾಗ ಅತ್ತೆ ನೀರು ಕುಡಿಯಲು ಎದ್ದಳು. ಹಣಿಗೆಯ ಪೆಟ್ಟು ನಿಂತಿತು. ಮೇಡಂ ತಟ್ಟನೆ ಎದ್ದು ಕೂತು ಏನಾಯ್ತು ಎಂದು ಕೇಳಿದರು. ಕೇಳಿದವರು ತಮ್ಮ ಮಾತಿಗೆ ತಾವೇ ಬೆಚ್ಚಿದಂತೆ ಅತ್ತೆಯನ್ನು ನೋಡಿದರು.

"ನಮ್ಮಮ್ಮ ಹೀಗೇ ಕೇಳೋಳು," ಎಂದರು. "ಆ ಕಡೆ ಸುತ್ತಿಗೆ ನಿಂತ ಕೂಡ್ಲೇ ಎಚ್ಚರಾಗಿ, ಹಲಗೆಗೆ ಬಾಯಿಟ್ಟು ಏನಾಯ್ತು ಅನ್ನೋಳು. ಅಪ್ಪ, ಏನಿಲ್ಲ ಮೊಳೆ ಹುಡುಕ್ತಿದೀನಿ ಮಲ್ಕೋ, ಅನ್ನೋರು. ಮತ್ತೆ ಬಡಿತ ಶುರುವಾದ್ರೆ ಎಲ್ರಿಗೂ ನಿದ್ದೆ."

ಆ ದಿನ ಚಪ್ಪಲಿ ಮರೆತು ಬರಿಗಾಲಲ್ಲಿ ಹೋದರು.

ಮಾದರಿ ಕೋಣೆಯ ಮಂಚದ ಹಿಂದಿನ ಗೋಡೆ ಒಡೆಸಿ, ಅಲ್ಲಿ ಜೊಂಡಿನ ತಡಿಕೆಗೆ ತೆಳುವಾಗಿ ಸುಣ್ಣ ಮೆತ್ತಿದ ಹೊಸ ಗೋಡೆ ಎಬ್ಬಿಸಿದರು. ಗೋಡೆಯಾಚೆ ಗೋದಾಮಿನ ಉದ್ದನೆಯ ಹಜಾರ, ಅಲ್ಲಿ ಎರಡು ಮಗ್ಗ. ಹೋಟೆಲಿಗೆ ವರ್ಷಗಟ್ಟಲೆ ಚಾಪೆ ಬೇಕೇ ಬೇಕು, ಹೆಣೆಯುವವರು ಇಲ್ಲೇ ಕೂತು ಹೆಣೆಯಲಿ, ಮಲಗಿದವರಿಗೆ ಕೇಳುತ್ತಿರಲಿ, ಅಷ್ಟೇ ಸಾಕು ಎಂಬುದು ಅವರ ಲೆಕ್ಕ. ಅತ್ತೆ, ಸೊಸೆ, ಎದುರುಮನೆಯಲ್ಲಿ ಚಾಪೆ ಹೆಣೆಯುವ ಅಕ್ಕತಂಗಿ, ನಾಲ್ವರೂ ಬರಲು ಒಪ್ಪಿದರು.

ಯಜಮಾನರು ಒಪ್ಪಲಿಲ್ಲ. ಕೆಟ್ಟ ಮನುಷ್ಯರಲ್ಲ, ಮೆಲ್ಲಗೆ ಮಾತಾಡುವವರು, ಕಂಡವರಿಗೆಲ್ಲ ಚಹಾ ಆಯಿತಾ ಎಂದು ಕೇಳುವವರು. ಆದರೆ ಅವರಿಗೆ ಅಲ್ಲಿ ಗೋಡೆಯ ಬದಲು ಗಾಜು ಬೇಕಿತ್ತು. ಊರಿನ ಕಸುಬು ಎಂದು ಹೇಳಿಕೊಂಡು ಅದನ್ನು ಗೋಡೆಯ ಹಿಂದೆ ಮುಚ್ಚಿಟ್ಟರೆ ಬಂದವರಿಗೆ ತಿಳಿಯುವುದು ಹೇಗೆ, ದುಡ್ಡು ಕೊಟ್ಟವರು ಕಣ್ಣಾರೆ ನೋಡಬೇಡವೇ ಎಂದರು.

"ಯಾರೋ ನೋಡ್ತಿದಾರೆ ಅಂತ ಗೊತ್ತಾದ ಕೂಡ್ಲೇ ಕೈ ಬೇರೆ ಆಗುತ್ತೆ ಸಾರ್," ಎಂದರು ಮೇಡಂ. "ಆಮೇಲೆ ಅವರು ಚಾಪೆ ಹೆಣೆಯಲ್ಲ. ಹೆಣೆಯೋರ ಪಾರ್ಟು ಮಾಡ್ತಾರೆ."

ಮಾತು ಹಗ್ಗದಂತೆ ಎಳೆದಾಡಿ ಕೊನೆಗೆ ಯಜಮಾನರು ಮೇಡಂ ನೇಮವನ್ನೇ ಮುಂದಿಟ್ಟರು. ಈ ಗೋಡೆ ಇಟ್ಟುಕೊಂಡು ಈ ಕೋಣೆಯಲ್ಲಿ ಮಲಗಿ ತೋರಿಸಿ. ನಿದ್ದೆ ಬಂದರೆ ಗೋಡೆ, ಬರದಿದ್ದರೆ ಗಾಜು. ಬಂತೋ ಇಲ್ಲವೋ ಎಂದು ನೀವೇ ಹೇಳಿ, ನಿಮ್ಮ ಮಾತೇ ಮಾತು.

ಸುಳ್ಳು ಹೇಳಲು ಅದಕ್ಕಿಂತ ಸುಲಭದ ದಾರಿ ಇರಲಿಲ್ಲ. ಮೇಡಂ ಮುಖ ಬಿಳಿಚಿಕೊಂಡದ್ದು, ಮಗ್ಗ ಹೂಡಲು ಬಂದಿದ್ದ ಅತ್ತೆಗೆ ಮಾತ್ರ ಕಂಡಿತು.

ಮಲಗಿ ತೋರಿಸಬೇಕಾದ ಮಧ್ಯಾಹ್ನ ಹಜಾರಕ್ಕೆ ಹೋಗುವ ಮುಂಚೆ ಅತ್ತೆ ಕೋಣೆಯೊಳಗೆ ಕಾಲಿಟ್ಟು ನೋಡಿದಳು. ಜೊಂಡಿನ ಗಿಡದೊಳಗೆ ಹುಳುವಾಗಿ ಹೊಕ್ಕರೆ ಹೀಗಿರುತ್ತದೇನೋ ಎನ್ನಿಸಿತು. ಸೂರಿನ ಚಾಪೆಯಿಂದ ಇಳಿದ ತೆಳು ಹಸಿರು ಗೋಡೆಯ ಸುಣ್ಣಕ್ಕೆ ಹತ್ತಿತ್ತು. ಕೆಳಗಿನ ಕಿಟಕಿಯಿಂದ ನದಿಯ ಬೆಳಕು ನೆಲದ ಮೇಲೆ ಅಲೆಅಲೆಯಾಗಿ ಬಂದು, ಮಂಚದ ಕಾಲಿನ ತನಕ ಏರಿ, ಹಿಂದಕ್ಕೆ ಹೋಗುತ್ತಿತ್ತು. ಕಾಲಿಗೆ ನೀರು ತಾಗೀತೆಂದು ಅತ್ತೆ ಅರಿವಿಲ್ಲದೆ ಬಟ್ಟೆಯ ಅಂಚು ಎತ್ತಿಕೊಂಡಳು. ತನ್ನ ಕೈಯ ಚಾಪೆಯೇ, ತನ್ನ ಮನೆಯ ಸುಣ್ಣದ ಬಣ್ಣವೇ, ಆದರೂ ಯಾವುದೋ ಕನಸಿನಲ್ಲಿ ತನ್ನ ಮನೆಗೆ ತಾನೇ ನೆಂಟಳಾಗಿ ಬಂದಂತಿತ್ತು.

ಮೇಡಂ ಒಳಗೆ ಮಲಗಿದರು. ಯಜಮಾನರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಕೂತರು. ಈ ಕಡೆ ನಾಲ್ವರೂ ಮಗ್ಗಕ್ಕೆ ಕೂತು ಒಂದೆರಡು ಪೆಟ್ಟು ಹಾಕಿದರು. ಆಗ ಎದುರುಮನೆಯ ಅಕ್ಕ ತುಟಿಯ ಮೇಲೆ ಬೆರಳಿಟ್ಟು, ಪಾಪ, ಆ ಕಡೆ ಮಲಗಿದ್ದಾರೆ ಎಂದು ಸನ್ನೆ ಮಾಡಿದಳು. ಅದು ಎಲ್ಲರಿಗೂ ಸರಿಯೆನ್ನಿಸಿತು. ಗೋಡೆಯಾಚೆ ಯಾರಾದರೂ ಮಲಗಿದ್ದರೆ ಮಗ್ಗ ಬಡಿಯಬಾರದೆಂಬುದು ಆ ಬೀದಿಯಲ್ಲಿ ಯಾರೂ ಹೇಳಿಕೊಡದೆ ಬರುವ ಬುದ್ಧಿ. ಬಾಣಂತಿಯ ಮನೆಯ ಪಕ್ಕ, ಕಾಯಿಲೆಯವರ ಮನೆಯ ಪಕ್ಕ ಎಷ್ಟು ಸಲ ಹಾಗೆ ಮಾಡಿಲ್ಲ. ಹಣಿಗೆಯನ್ನು ಬಡಿಯದೆ, ಬೆರಳಿನಿಂದ ಜೊಂಡನ್ನು ಒತ್ತಿ ಒತ್ತಿ ಕೂರಿಸುತ್ತ, ಉಸಿರು ಬಿಗಿಹಿಡಿದು ಹೆಣೆದರು. ಅತ್ತೆಯೂ ಹಾಗೇ ಮಾಡಿದಳು. ತನ್ನ ಮನೆಯಲ್ಲಿ ಮೇಡಂ ಮಲಗುತ್ತಿದ್ದದ್ದೇ ಆ ಸದ್ದಿಗೆ, ಬೇಡಿಕೊಂಡದ್ದೂ ಆ ಸದ್ದನ್ನೇ ಎಂಬುದು ಕೈಗೆ ನೆನಪಾಗಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಮೇಡಂ ಕೆಂಪು ಕಣ್ಣು ಮಾಡಿಕೊಂಡು ಹಜಾರಕ್ಕೆ ಬಂದರು.

"ಯಾಕೆ ನಿಲ್ಲಿಸಿದ್ರಿ?"

"ನೀವು ಮಲಗಿದ್ರಲ್ಲಾ ಮೇಡಮ್ಮ," ಎಂದಳು ಎದುರುಮನೆಯ ಅಕ್ಕ.

"ನೀವು ನಿಲ್ಲಿಸಿದ್ರೆ ನಾನು ಹೇಗೆ ಮಲಗ್ಲಿ?"

ನಾಲ್ವರೂ ಬೆಪ್ಪಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವರು ಮೇಡಂ. ಆದರೆ ಯಜಮಾನರು ಕೇಳಿದಾಗ ನಗು ಬಿಟ್ಟು, ನಿದ್ದೆ ಬರಲಿಲ್ಲ ಎಂದು ಇದ್ದದ್ದು ಇದ್ದಂತೆ ಹೇಳಿದರು. ಯಜಮಾನರು ಹೆಂಗಸರ ಪೇಚು ನೋಡಿ ಇನ್ನೊಂದು ಮಧ್ಯಾಹ್ನ ಕೊಟ್ಟರು.

ಎರಡನೆಯ ಸಲ ನಾಲ್ವರಿಗೂ ಗೊತ್ತಿತ್ತು, ಬಡಿಯಬೇಕು ಎಂದು. ಗೊತ್ತಿದ್ದದ್ದೇ ತೊಂದರೆಯಾಯಿತು. ತಂಗಿ ಮೆರವಣಿಗೆಯ ಡೋಲು ಬಡಿದಂತೆ ಬಡಿದಳು. ಅಕ್ಕ ಒಂದೊಂದು ಪೆಟ್ಟಿಗೂ ಗೋಡೆಯ ಕಡೆ ನೋಡಿ, ಕೇಳಿಸಿತಾ ಎಂಬಂತೆ ಕತ್ತು ಅಲ್ಲಾಡಿಸಿದಳು. ಅತ್ತೆಯ ಕೈ ಕೂಡ ಬಿಗಿಯಾಗಿ, ಬೇರೆ ಯಾರದೋ ಕೈಯಂತೆ ಏರಿ ಇಳಿಯಿತು. ಗಾಜಿಲ್ಲದೆಯೇ ಎಲ್ಲರೂ ಪಾರ್ಟು ಮಾಡುತ್ತಿದ್ದರು. ಗೋಡೆಯಾಚೆ ಮೇಡಂ ಮಗ್ಗುಲು ಬದಲಿಸಿದ್ದು, ಮಂಚ ಕಿರುಗುಟ್ಟಿದ್ದು ಅತ್ತೆಗೆ ಕೇಳಿಸಿತು. ಗಾಜಿನವನಿಗೆ ಹೇಳಿಕಳಿಸಿಯಾಗಿತ್ತು, ಮರುದಿನ ಅಳತೆಗೆ ಬರುವವನಿದ್ದ. ಅತ್ತೆಗೆ ಹೀಗನ್ನಿಸಿತು: ತಾವೇ ಆಕೆಯ ನಿದ್ದೆ, ತಾವೇ ಆಕೆಯ ನಿದ್ದೆಗೇಡು.

ಅಷ್ಟರಲ್ಲಿ ಸೊಸೆ ಅಂಚಿಗೆ ಕೆಂಪು ಜೊಂಡಿನ ಬದಲು ಕಂದು ಹಾಕಿದ್ದು ತಂಗಿಯ ಕಣ್ಣಿಗೆ ಬಿತ್ತು.

"ಇದ್ಯಾವ ಸೀಮೆ ಕೆಂಪು? ಬಣ್ಣ ಹಾಕೋಳಿಗೇ ಬಣ್ಣ ಕಾಣಲ್ವಾ?"

"ಕಾಣುತ್ತೆ. ನೀನು ಸುಮ್ಮನೆ ಡೋಲು ಬಾರಿಸು."

ಅಕ್ಕ ತಂಗಿಯ ಪರ ನಿಂತಳು. ಸೊಸೆ ಸೋಲುವವಳಲ್ಲ, ಅದು ನೆರಳಿಗೆ ಹಾಗೆ ಕಾಣುವುದೆಂದಳು. ಬೆಳಕಿಗೆ ಹಿಡಿದು ನೋಡಿದರೆ ಕಂದೇ. ಮೂಗು ಮುರಿದುಕೊಂಡು ಬಿಚ್ಚತೊಡಗಿದಳು. ಬಿಚ್ಚಿದ್ದನ್ನು ಸರಿಮಾಡಲು ಅತ್ತೆ ಕೈ ಹಾಕಿದಳು. ಒಂದು ಸಾಲು ಬಿಚ್ಚಿದರೆ ಪಕ್ಕದ ಸಾಲು ಸಡಿಲ, ಅದನ್ನು ಬಿಗಿಮಾಡಿದರೆ ಅಂಚು ವಾರೆ. ನಾಲ್ವರೂ ತಲೆಗೆ ತಲೆ ತಾಗಿಸಿ ಆ ಅಂಚಿನೊಳಗೆ ಇಳಿದುಹೋದರು. ಕೆಂಪು ಹಾಕಿ, ನೂಕಿ, ಬಡಿದು, ಮುಂದೆ ಸರಿದರು. ಇನ್ನೊಂದು ಮಗ್ಗದವರು ತಮ್ಮ ಮಗ್ಗಕ್ಕೆ ಮರಳಿದರು. ಜಗಳ ಮಾತಾಗಿ, ಮಾತು ಗೊಣಗಾಗಿ, ಗೊಣಗೂ ನಿಂತು, ಒಂದು ನೂಕು ಒಂದು ಪೆಟ್ಟು, ಒಂದು ನೂಕು ಒಂದು ಪೆಟ್ಟು, ಹಜಾರದಲ್ಲಿ ಅಷ್ಟೇ ಉಳಿಯಿತು. ಧೂಳಿನ ಕಣಗಳು ಬಿಸಿಲಿನ ಕೋಲಿನೊಳಗೆ ಆ ಪೆಟ್ಟಿಗೇ ಏಳುತ್ತ ಇಳಿಯುತ್ತ ಇದ್ದವು. ಅತ್ತೆಗೆ ತಾನು ಎಲ್ಲಿ ಕೂತಿದ್ದೇನೆಂಬುದೇ ಮರೆತಿತ್ತು.

ಯಾರೋ ಬಂದಂತಾಗಿ ಕತ್ತೆತ್ತಿದರೆ ಯಜಮಾನರು. ಬೂಟು ಬಿಚ್ಚಿ, ಬೆಕ್ಕಿನ ಹೆಜ್ಜೆಯಲ್ಲಿ ಬಂದು ನಿಂತಿದ್ದರು.

"ಗೊರಕೆ ಹೊಡೀತಿದಾರೆ," ಎಂದು ಪಿಸುಗುಟ್ಟಿದರು.

ಆ ಮಾತಿಗೆ ಅಕ್ಕನ ಕೈ ಹಳೆಯ ಅಭ್ಯಾಸದಿಂದ ನಿಲ್ಲಹೋಯಿತು. ಅತ್ತೆ ಗದ್ದ ಎತ್ತಿ ಗದರಿದಳು, ಬಾಯಿಂದಲ್ಲ, ಬರೀ ಕಣ್ಣಿಂದ. ಪೆಟ್ಟು ಮುಂದುವರಿಯಿತು. ನೆನೆಸಿದ ಜೊಂಡು ಮುಗಿಯುತ್ತ ಬಂತು. ಹೊಸದನ್ನು ನೆನೆಸಲು ಎದ್ದರೆ ಸದ್ದು ನಿಲ್ಲುತ್ತದೆ. ಕೊನೆಯ ಕಡ್ಡಿಯೂ ಕೂತ ಮೇಲೆ ಅತ್ತೆ ಏನೂ ನೂಕದೆ ಬರಿಯ ಹಣಿಗೆಯನ್ನೇ ಎಳೆದು ಬಡಿಯುತ್ತ ಕೂತಳು. ಉಳಿದವರೂ ಹಾಗೇ ಮಾಡಿದರು. ಗೋಡೆಯಾಚೆ ಒಬ್ಬಾಕೆ ಮಲಗಿದ್ದಳು, ಈಚೆ ನಾಲ್ವರು ಕಣ್ಣಿಗೆ ಕಾಣದ ಚಾಪೆಯೊಂದನ್ನು ಹೆಣೆಯುತ್ತಿದ್ದರು. ನದಿಯ ಬೆಳಕು ಕೆಂಪಾಗಿ ಕಂದಾಗುವವರೆಗೂ ಆ ಚಾಪೆ ಬೆಳೆಯಿತು. ಯಜಮಾನರು ಹಜಾರದ ಕಂಬಕ್ಕೊರಗಿ ಕೂತವರು ಅಲ್ಲೇ ತೂಕಡಿಸಿದರು.

ಗಾಜಿನವನನ್ನು ಮರುದಿನ ಚಹಾ ಕೊಟ್ಟು ಕಳಿಸಿದರಂತೆ.

ಗೋಡೆ ಉಳಿಯಿತು. ಉಳಿದ ಕೋಣೆಗಳೂ ಅದೇ ಹಜಾರಕ್ಕೆ ಬೆನ್ನು ಕೊಟ್ಟು ಎದ್ದವು. ನಿದ್ದೆ ಕಂಡ ಮೇಲೆ ಮೇಡಂ ಕಣ್ಣಿನ ಕೆಳಗಿನ ಕಪ್ಪು ತಿಳಿಯಾಯಿತು, ಮೈಯೂ ಸ್ವಲ್ಪ ತುಂಬಿಕೊಂಡಿತು. ಹಾಗಾದರೆ ಇನ್ನು ಏಳುವ ಮೇಡಂ ಅನ್ನಬೇಕೇನೋ ಎಂದು ಸೊಸೆ ಕಾಲೆಳೆದಳು. ಕೆಲಸ ಮುಗಿಯಿತು. ಇನ್ನೊಂದು ಊರಿನಲ್ಲಿ ಯಾವುದೋ ಹಳೆಯ ಗಿರಣಿ ಅವರಿಗಾಗಿ ಕಾಯುತ್ತಿತ್ತು.

ಹೊರಡುವ ದಿನ ಕಾರನ್ನು ಬೀದಿಯ ತುದಿಯಲ್ಲಿ ನಿಲ್ಲಿಸಿ ಮೇಡಂ ಬಂದರು. ಸೊಸೆ ಚಾಪೆ ಬಿಚ್ಚಿದಳು, ಅವರು ಮಲಗಲಿಲ್ಲ. ಮಗ್ಗದ ಪಕ್ಕ, ಅತ್ತೆಯ ಎಡಕ್ಕೆ, ನೆಲ ಸವೆದು ನುಣುಪಾಗಿದ್ದ ಜಾಗದಲ್ಲಿ ಕೂತರು. ಇಲ್ಲಿ ಯಾರು ಕೂರುತ್ತಿದ್ದರು ಎಂದು ಕೇಳಿದರು. ತನ್ನ ಗಂಡ ಎಂದು ಅತ್ತೆ ಹೇಳಿದಳು. ಈ ಮಗ್ಗ ಇಬ್ಬರದು. ಆ ಕಡೆಯಿಂದ ಅವರು ಜೊಂಡು ನೂಕುತ್ತಿದ್ದರು, ಈ ಕಡೆ ತಾನು ಬಡಿಯುತ್ತಿದ್ದೆ. ಅವರು ತೀರಿಹೋದ ಮೇಲೆ ಎರಡೂ ತನ್ನದೇ, ಅದಕ್ಕೇ ಕೆಲಸ ನಿಧಾನ. ಮಾತು ಕಡಿಮೆಯ ಮನುಷ್ಯ. ತನಗೆ ದಣಿವಾಗಿ ಇಲ್ಲೇ ಪಕ್ಕಕ್ಕೆ ವಾಲಿಕೊಂಡರೆ, ಏನೂ ಅನ್ನದೆ ಎದ್ದು ಈ ಕಡೆ ಬಂದು ಹಣಿಗೆ ಹಿಡಿಯುತ್ತಿದ್ದರು, ಕಣ್ಣು ಬಿಟ್ಟಾಗ ನಾಲ್ಕಾರು ಬೆರಳಿನಷ್ಟು ಚಾಪೆ ಮುಂದೆ ಹೋಗಿರುತ್ತಿತ್ತು.

ಮೇಡಂ ಗೋಡೆಯ ಬದಿಯ ಕೋಲು ತೆಗೆದುಕೊಂಡು, ತುದಿಗೆ ಒಂದು ಜೊಂಡು ಸಿಕ್ಕಿಸಿ ನೂಲಿನ ನಡುವೆ ನೂಕಿದರು. ಅದು ಅರ್ಧಕ್ಕೇ ಡೊಂಕಾಯಿತು. ಅತ್ತೆ ಅದನ್ನು ಬೆರಳಿನಿಂದ ನೇರ ಮಾಡಿ ಬಡಿದಳು. ಎರಡನೆಯದು ಸ್ವಲ್ಪ ನೇರ ಹೋಯಿತು. ಮೂರನೆಯದನ್ನು ಮುಟ್ಟುವ ಅಗತ್ಯ ಬೀಳಲಿಲ್ಲ. ಬೀದಿಯ ತುದಿಯಿಂದ ಕಾರಿನವನು ಹಾರ್ನ್ ಮಾಡಿದ. ಮೇಡಂ ಏಳಲಿಲ್ಲ. ಇನ್ನೊಂದು ಕಡ್ಡಿಯನ್ನು ಕೋಲಿಗೆ ಸಿಕ್ಕಿಸುತ್ತ, ಅತ್ತೆಯ ಮುಖ ನೋಡದೆ, ಮೆಲ್ಲಗೆ ಕೇಳಿದರು.

"ಅತ್ತೆ, ಈಗ ನೀವು ಯಾರ ಸದ್ದಿಗೆ ಮಲಗ್ತೀರಿ?"